ಮೀನು ತಿಂದದ್ದೆಷ್ಟು, ಮೈಗೆ ಹತ್ತಿದ್ದೆಷ್ಟು?



ಕೆಲವು ವಾರಗಳ ಹಿಂದೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಕೋಡಂಬಾಕ್ಕಂನಿಂದ ಒಬ್ಬ ಹಿರಿಯ ಕೇಳುಗರು ಕರೆ ಮಾಡಿದ್ದರು. ಮೂಲ ಊರು ಉಡುಪಿ ಕಡೆ, ಮದುವೆಯಾಗಿ ಚೆನ್ನೈಗೆ ಬಂದು ನಲವತ್ತು ವರ್ಷವಾಯಿತಂತೆ. ತಮಗೆ ಬೇಕಾದ ಹಾಡಿನ ಹೆಸರು ಹೇಳುವ ಮೊದಲು ಒಂದು ದೂರು ಹೇಳಿದರು. "ಅಲ್ಲ ಮಾರಾಯ್ರೇ, ಇಲ್ಲಿ ಸಿಗುವ ಕೆರೆ ಮೀನಿಗೆ ಯಾಕೆ ಇಷ್ಟು ಮಣ್ಣಿನ ವಾಸನೆ? ನಮ್ಮ ಬೂತಾಯಿಗೆ, ಬಂಗುಡೆಗೆ ಹೀಗಿರಲಿಲ್ಲ. ಇವಕ್ಕೆ ತಿನ್ನಲಿಕ್ಕೆ ಏನು ಹಾಕುತ್ತಾರೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಕನ್ನಡ ಬಿ.ಎ. ಓದಿದವರಿಗೆ ಹಳಗನ್ನಡದ ಷಟ್ಪದಿ ಗೊತ್ತಿರಬಹುದು, ಮೀನಿನ ಹೊಟ್ಟೆಯ ವಿಷಯ ಎಲ್ಲಿ ಗೊತ್ತಿರುತ್ತದೆ? ನಕ್ಕು ಮಾತು ತೇಲಿಸಿ ಹಾಡು ಹಾಕಿಬಿಟ್ಟೆ. ಆದರೆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಮನೆ ಹತ್ತಿರದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಅಕ್ಕನನ್ನು ಅದನ್ನೇ ಕೇಳಿದೆ. ಆಕೆ ಕಾಟ್ಲಾದ ತಲೆ ಕತ್ತರಿಸುತ್ತಲೇ, "ಆಂಧ್ರಾ ಮೀನು. ತವಿಡು, ಪುಣ್ಣಾಕ್ಕು. ವೇರೆ ಎನ್ನ?" ಎಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ತೌಡು ಮತ್ತು ಹಿಂಡಿ, ಬೇರೇನು?

ಏನು ಹಾಕುತ್ತಾರೆ ಎಂಬುದಕ್ಕೆ ಎರಡು ಪದದಲ್ಲಿ ಉತ್ತರ ಸಿಕ್ಕಿತು. ಆದರೆ ಹಾಕಿದ್ದರಲ್ಲಿ ಮೀನಿನ ಮೈಗೆ ಹತ್ತುವುದು ಎಷ್ಟು? ಉಳಿದದ್ದು ಎಲ್ಲಿಗೆ ಹೋಗುತ್ತದೆ? ಈ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಸಿಕ್ಕಿದ್ದು ಸುಮಾರು 900 ವರ್ಷಗಳ ಒಂದು ಕಥೆ. ಅದು ಕಲ್ಯಾಣದಲ್ಲಿ ಶುರುವಾಗಿ, ಮಂಗಳೂರಿನಲ್ಲಿ ತಂಗಿ, ನಮ್ಮ ಕೋಡಂಬಾಕ್ಕಂ ಪಕ್ಕದ ಬೀದಿಯವರೆಗೂ ಬರುತ್ತದೆ. ಬನ್ನಿ, ಒಮ್ಮೆ ಸುತ್ತಿ ಬರೋಣ.

ಕಲ್ಯಾಣದ ಅರಸ ಹಾಕಿದ ಉಂಡೆ

'ಮಾನಸೋಲ್ಲಾಸ'ದ ಹೆಸರನ್ನು ನಿಮ್ಮಲ್ಲಿ ಹಲವರು ಅಡುಗೆಯ ವಿಷಯದಲ್ಲಿ ಕೇಳಿರುತ್ತೀರಿ. ಇಡ್ಲಿ, ವಡೆಗಳ ಹಳೆಯ ರೂಪವನ್ನು ಹುಡುಕುವವರು ಮೊದಲು ತೆರೆಯುವ ಪುಸ್ತಕಗಳಲ್ಲಿ ಅದೂ ಒಂದು. ಬರೆಸಿದವನು ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಕಾಲ ಸುಮಾರು 1131. ಭಾಷೆ ಸಂಸ್ಕೃತ, ನೆಲ ಈಗಿನ ಬಸವಕಲ್ಯಾಣ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ.

ಆ ನೂರರಲ್ಲಿ ಒಂದು 'ಮತ್ಸ್ಯವಿನೋದ', ಅಂದರೆ ಗಾಳ ಹಾಕಿ ಮೀನು ಹಿಡಿಯುವ ಆಟ. ಅದರಲ್ಲಿ ಸುಮಾರು 35 ಬಗೆಯ ಮೀನುಗಳ ವಿವರವಿದೆ. ಯಾವುದು ಸಿಹಿನೀರಿನದು, ಯಾವುದು ಕಡಲಿನದು ಎಂಬ ವಿಂಗಡಣೆ ಇದೆ. ಆಟಕ್ಕೆ ಮೊದಲು ಮೀನುಗಳಿಗೆ ಆಹಾರ ಹಾಕಿ ಒಂದೆಡೆ ಸೇರುವ ಹಾಗೆ ರೂಢಿ ಮಾಡಿಸುವ ಕ್ರಮವೂ ಇದೆ. ಆಹಾರ ಯಾವುದು ಎಂದು ನೋಡಿದರೆ ಎಳ್ಳು, ಕಡಲೆ ಹಿಟ್ಟು, ಅನ್ನದಂಥ ಪದಾರ್ಥ. ಅಂದರೆ ಅರಮನೆಯ ಸುತ್ತ ಹೊಲದಲ್ಲಿ ಏನು ಬೆಳೆಯುತ್ತಿತ್ತೋ ಅದೇ. ಮೀನಿನ ತಜ್ಞ ಸುಂದರ್‌ಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಬಗ್ಗೆ ವಿವರವಾದ ಲೇಖನ ಬರೆದ ಮೇಲೆ ವಿಜ್ಞಾನದ ಮಂದಿಯೂ ಅದನ್ನು ಗಮನಿಸಿದರು.

ಅರಸನಿಗೆ ಮೀನು ಬಳಿಗೆ ಬಂದರೆ ಸಾಕಿತ್ತು. ತಿಂದದ್ದು ಕರಗಿತೋ ಇಲ್ಲವೋ ಎಂದು ಕೇಳುವ ಅಗತ್ಯ ಅವನಿಗಿರಲಿಲ್ಲ, ಏಕೆಂದರೆ ಕಡಲೆಯ ಲೆಕ್ಕ ಕೊಡಬೇಕಾದ ಸ್ಥಿತಿ ಅವನದಲ್ಲ. ಆ ಲೆಕ್ಕ ಬೇಕಾಗುವುದು ಸಾಲ ಮಾಡಿ ಹಿಂಡಿ ಮೂಟೆ ತರುವ ರೈತನಿಗೆ. ಅಂಥ ರೈತ ದೊಡ್ಡ ಸಂಖ್ಯೆಯಲ್ಲಿ ಹುಟ್ಟಲು ಇನ್ನೂ 800 ವರ್ಷ ಬೇಕಾಯಿತು.

ಮದ್ರಾಸಿನ ಇಲಾಖೆ, ಕರಾವಳಿಯ ಬೂತಾಯಿ

ಈಗ ಕಥೆ ನಮ್ಮ ಚೆನ್ನೈಗೆ ಬರುತ್ತದೆ. ಆಗ ಇದು ಮದ್ರಾಸು. ಮಂಗಳೂರು, ಉಡುಪಿ, ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಜಿಲ್ಲೆಯೂ 1956ರವರೆಗೆ ಇದೇ ಊರಿನ ಆಡಳಿತಕ್ಕೆ ಸೇರಿತ್ತು. ಮೀನಿನ ವಿಷಯ ನೋಡಿಕೊಳ್ಳಲು 1905ರಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯ ನೇಮಕವಾಯಿತು. ಸಹಕಾರಿ ಸಂಘಗಳ ಬಗ್ಗೆ ವರದಿ ಬರೆದು ಹೆಸರಾದವರು ಅವರು. 1907ರಲ್ಲಿ ಮೀನುಗಾರಿಕೆ ಇಲಾಖೆಯೇ ಹುಟ್ಟಿತು. 1911ರಲ್ಲಿ ತುಂಗಭದ್ರೆಯ ದಡದ ಸುಂಕೇಸುಲದಲ್ಲಿ ಮೀನು ಸಾಕಣೆ ಕೇಂದ್ರವೊಂದನ್ನು ತೆರೆದರು.

ಆದರೆ ಇಲಾಖೆಯ ಹೆಚ್ಚಿನ ಗಮನ ಹೋದದ್ದು ಪಶ್ಚಿಮ ಕರಾವಳಿಯ ಬೂತಾಯಿಯ ಮೇಲೆ. ಇಲ್ಲಿಯ ತಮಿಳರ ಬಾಯಲ್ಲಿ ಅದು 'ಮತ್ತಿ'. ಸುಗ್ಗಿಯಲ್ಲಿ ರಾಶಿ ರಾಶಿ ಬರುತ್ತಿದ್ದ ಈ ಮೀನನ್ನು ಮೊದಲು ಮರಳಿನ ಮೇಲೆ ಒಣಗಿಸಿ ಗೊಬ್ಬರಕ್ಕೆ ಮಾರುತ್ತಿದ್ದರು. ಇಲಾಖೆಯವರು ಬೇಯಿಸಿ ಹಿಂಡುವ ಕ್ರಮ ಕಲಿಸಿದರು. ಎಣ್ಣೆ ಬೇರೆ, ಉಳಿದ ಚರಟ ಬೇರೆ. ಮಲಬಾರಿನಿಂದ ದಕ್ಷಿಣ ಕನ್ನಡದವರೆಗೆ ದಡದುದ್ದಕ್ಕೂ ಇಂಥ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. ಚರಟಕ್ಕೆ 'ಗ್ವಾನೋ' ಎಂಬ ಹೆಸರು, ಅದರ ಪ್ರಯಾಣ ತೋಟಗಳಿಗೆ.

ಗಮನಿಸಿ, ಆಗ ಬೂತಾಯಿಯ ಚರಟ ಗಿಡದ ಬುಡಕ್ಕೆ ಹೋಗುತ್ತಿತ್ತು, ಪ್ರಾಣಿಯ ಬಾಯಿಗಲ್ಲ. ಮುಂದೆ ಕೋಳಿ, ಹಂದಿ, ಕೊನೆಗೆ ಸಾಕಿದ ಮೀನು ಮತ್ತು ಸೀಗಡಿ ಇದರ ಗಿರಾಕಿಗಳಾದವು. ಹೆಸರು ಬದಲಾಗಿ 'ಫಿಶ್ ಮೀಲ್', ಅಂದರೆ ಮೀನಿನ ಪುಡಿ ಎಂದಾಯಿತು. ಈ ಪುಡಿಯ ವಿಷಯಕ್ಕೆ ಮತ್ತೆ ಬರೋಣ. ಕರೆ ಮಾಡಿದ ಅಮ್ಮನ ಬೂತಾಯಿಗೂ, ಅವರ ಮನೆಗೆ ಬಂದ ಕಾಟ್ಲಾಕ್ಕೂ ಇರುವ ನಂಟು ಅಲ್ಲೇ ಇದೆ.

ತೌಡು ಒಂದೇ ಹೆಸರು, ಮೂರು ವಸ್ತು

ಕೆರೆ ಮೀನಿನ ಸಾಕಣೆಗೆ ದೊಡ್ಡ ತಿರುವು ಸಿಕ್ಕಿದ್ದು 1957ರ ಜುಲೈ 10ರಂದು. ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಞಿ ಅವರು ಹಾರ್ಮೋನ್ ಚುಚ್ಚುಮದ್ದಿನಿಂದ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಯವರೆಗೆ ಮರಿಗಾಗಿ ಹೊಳೆಯನ್ನೇ ಕಾಯಬೇಕಿತ್ತು. ಹೊಳೆಯಲ್ಲಿ ಸಿಗುವ ಮರಿಯಲ್ಲಿ ಬೇಕಾದ್ದೂ ಬೇಡದ್ದೂ ಬೆರೆತಿರುತ್ತಿತ್ತು. ಇನ್ನು ಬೇಕಾದ ಮರಿ ಬೇಕಾದಷ್ಟು. ದೇಶದಲ್ಲಿ ಜುಲೈ 10 ಈಗ ಮೀನು ಕೃಷಿಕರ ದಿನ.

ಮರಿ ಬಂತು, ಕೆರೆ ತುಂಬಿತು, ಹೊಟ್ಟೆಗೆ? 1971ರಲ್ಲಿ ದೇಶದಾದ್ಯಂತ ಶುರುವಾದ ಮಿಶ್ರ ಮೀನು ಸಾಕಣೆಯ ಯೋಜನೆ ಸರಳ ಉತ್ತರ ಕೊಟ್ಟಿತು. ತೌಡು ಒಂದು ಪಾಲು, ಹಿಂಡಿ ಒಂದು ಪಾಲು. ಬಂಗಾಳದಲ್ಲಿ ಸಾಸಿವೆ ಹಿಂಡಿ, ನಮ್ಮ ಕಡೆ ಕಡಲೆಕಾಯಿ ಹಿಂಡಿ. ಮೇಲ್ನೀರಿನ ಕಾಟ್ಲಾ, ನಡುನೀರಿನ ರೋಹು, ತಳದ ಮೃಗಾಲ್, ಮೂವರಿಗೂ ಅದೇ ಊಟ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಅಜ್ಜಿಯ ಮನೆಯಲ್ಲಿ ಎಮ್ಮೆಗೆ ಇಡುತ್ತಿದ್ದ ತೌಡನ್ನು ನೆನಪಿಸಿಕೊಳ್ಳಿ. ಅಕ್ಕಿಯ ಮೇಲಿನ ಪದರ, ಕೈಗೆ ಜಿಡ್ಡು ಹತ್ತುತ್ತಿತ್ತು. ಆಮೇಲೆ ಬಂದ ಹಲ್ಲರ್ ಗಿರಣಿಯ ತೌಡಿನಲ್ಲಿ ಭತ್ತದ ಹೊಟ್ಟೂ ನುರಿದು ಸೇರಿಕೊಂಡಿತು. ಹೊಟ್ಟೆಂದರೆ ನಾರು ಮತ್ತು ಮರಳಿನಂಥ ಸಿಲಿಕಾ. ಅದನ್ನು ಮೀನೂ ಕರಗಿಸಲಾರದು, ನಾವೂ ಕರಗಿಸಲಾರೆವು. ಮೂರನೆಯದು ಎಣ್ಣೆ ತೆಗೆದ ತೌಡು. ತೌಡಿನ ಎಣ್ಣೆಯನ್ನು ದ್ರಾವಕ ಹಾಕಿ ಪೂರ್ತಿ ಹೀರಿಕೊಂಡ ಮೇಲೆ ಉಳಿಯುವ ಹುಡಿ ಅದು. ಅಗ್ಗ, ಬೇಗ ಕಮಟು ಹಿಡಿಯುವುದಿಲ್ಲ, ಆದರೆ ಜಿಡ್ಡಿನ ಶಕ್ತಿ ಹೋಗಿರುತ್ತದೆ. ಹೆಸರು ಮೂರಕ್ಕೂ ಒಂದೇ, ತೌಡು.

ಹಿಂಡಿಯದೂ ಇದೇ ಕಥೆ. ಎತ್ತಿನ ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಿರುತ್ತಿತ್ತು, ದ್ರಾವಕ ಕಂಡ ಹಿಂಡಿಯಲ್ಲಿ ಇರುವುದಿಲ್ಲ. ಕಡಲೆಕಾಯಿ ಹಿಂಡಿ ಗೆಂಡೆ ಮೀನಿಗೆ ಚೆನ್ನಾಗಿ ಜೀರ್ಣವಾಗುತ್ತದೆ, ಆದರೆ ತೇವದಲ್ಲಿ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತು ಈ ವಿಷ ಬೆಳಕಿಗೆ ಬಂತು. ಅವು ತಿಂದದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಎಂಬ ತೊಡಕು. ಇನ್ನು ಹಿಪ್ಪೆ ಹಿಂಡಿಯಂತೂ ಮೇವೇ ಅಲ್ಲ. ಕೊಳದಲ್ಲಿರುವ ಬೇಡದ ಮೀನನ್ನು ಕೊಲ್ಲಲು ಅದನ್ನು ಹಾಕುತ್ತಾರೆ, ಎರಡು ಮೂರು ವಾರ ಕಳೆದ ಮೇಲೆ ಅದೇ ಗೊಬ್ಬರವಾಗುತ್ತದೆ. ಹಿಂಡಿ ಎಂದ ಮಾತ್ರಕ್ಕೆ ಎಲ್ಲವೂ ಊಟವಲ್ಲ.

ಇದಕ್ಕೆ ಮೀನಿನ ಹೊಟ್ಟೆಯ ರಚನೆಯನ್ನೂ ಸೇರಿಸಿಕೊಳ್ಳಿ. ನಿಮಗೆ ಆಶ್ಚರ್ಯವಾಗಬಹುದು, ಕಾಟ್ಲಾ, ರೋಹು, ಮೃಗಾಲ್ ಇವಕ್ಕೆ ಜಠರವೇ ಇಲ್ಲ. ಗಂಟಲಿನಿಂದ ನೇರ ಕರುಳಿಗೆ. ನಮ್ಮ ಹೊಟ್ಟೆಯಲ್ಲಿರುವ ಆಮ್ಲ ಅವಕ್ಕಿಲ್ಲ. ಹಾಗಾಗಿ ಮೀನಿನ ಪುಡಿಯಲ್ಲಿರುವ ಮೂಳೆಯ ರಂಜಕ ಅವಕ್ಕೆ ಸರಿಯಾಗಿ ದಕ್ಕುವುದಿಲ್ಲ. ತೌಡಿನ ರಂಜಕವೂ ಫೈಟಿಕ್ ಆಮ್ಲದ ರೂಪದಲ್ಲಿ ಬೀಗ ಹಾಕಿದ ಹಾಗಿರುತ್ತದೆ. ತಿಂದದ್ದು ತಿಂದ ಹಾಗೆ ನೀರಿಗೆ ಮರಳುತ್ತದೆ.

ಹಸಿರು ಪುಡಿಯ ಉಪಾಯ

ಹಾಗಾದರೆ ಎಷ್ಟು ದಕ್ಕಿತು, ಎಷ್ಟು ಮರಳಿತು ಎಂದು ಅಳೆಯುವುದು ಹೇಗೆ? ಹಸುವಾದರೆ ಹಾಕಿದ ಮೇವು ತೂಗಬಹುದು, ಸಗಣಿ ತೂಗಬಹುದು. ನೀರೊಳಗಿನ ಮೀನಿನ ಹಿಕ್ಕೆಯನ್ನು ಪೂರ್ತಿ ಹಿಡಿಯುವವರು ಯಾರು?

ಉಪಾಯ ಬಂದದ್ದು ಹಸುವಿನ ಕೊಟ್ಟಿಗೆಯಿಂದಲೇ. 1918ರಲ್ಲಿ ಸ್ವೀಡನ್ನಿನ ಎಡಿನ್ ಎಂಬುವರು ಮೇವಿಗೆ ಕ್ರೋಮಿಕ್ ಆಕ್ಸೈಡ್ ಎಂಬ ಹಸಿರು ಪುಡಿ ಬೆರೆಸಿದರು. ಅದು ಜೀರ್ಣವಾಗುವುದಿಲ್ಲ, ಬಂದ ಹಾಗೆ ಹೊರಗೆ ಹೋಗುತ್ತದೆ. 1966ರಲ್ಲಿ ಜಪಾನಿನ ಫುರುಕಾವಾ ಮತ್ತು ತ್ಸುಕಹಾರಾ ಮೀನಿನ ಆಹಾರ, ಹಿಕ್ಕೆಗಳಲ್ಲಿ ಈ ಪುಡಿಯನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಆಮೇಲೆ ಬಂದ ನೂರಾರು ಮೀನಿನ ಪ್ರಯೋಗಗಳು ಅವರನ್ನೇ ಅನುಸರಿಸಿದವು.

ಲೆಕ್ಕ ಸುಲಭ. ಆಹಾರದಲ್ಲಿ ಹಸಿರು ಪುಡಿ ನೂರಕ್ಕೆ ಒಂದು ಪಾಲು ಇತ್ತು ಅನ್ನಿ. ಹಿಕ್ಕೆಯಲ್ಲಿ ನೂರಕ್ಕೆ ನಾಲ್ಕು ಪಾಲು ಸಿಕ್ಕಿತು. ಪುಡಿ ಹೆಚ್ಚಾಗಲಿಲ್ಲ, ಸುತ್ತಲಿನ ಆಹಾರ ಕರಗಿ ಕಾಲು ಭಾಗಕ್ಕೆ ಇಳಿಯಿತು. ಅಂದರೆ ಮುಕ್ಕಾಲು ಭಾಗ ಜೀರ್ಣವಾಯಿತು. ಹಿಕ್ಕೆಯಲ್ಲಿ ಎರಡೇ ಪಾಲು ಸಿಕ್ಕಿದ್ದರೆ ಅರ್ಧ ಮಾತ್ರ ಜೀರ್ಣ. ಎಲ್ಲ ಹಿಕ್ಕೆಯನ್ನೂ ಹಿಡಿಯಬೇಕಿಲ್ಲ, ಚಿಟಿಕೆ ಸಿಕ್ಕರೆ ಸಾಕು. ಆದರೆ ನೀರಲ್ಲಿ ಕದಡಿ ಸಾರ ಬಿಟ್ಟುಕೊಳ್ಳುವ ಮೊದಲೇ ಅದನ್ನು ತೆಗೆಯಬೇಕು. ಈ ಕೆಲಸದ ಕಷ್ಟವೆಲ್ಲ ಅಲ್ಲಿದೆ.

ಈ ಲೆಕ್ಕ ಕಲಿಸಿದ ದೊಡ್ಡ ಪಾಠ ಒಂದಿದೆ. ಚೀಲದ ಮೇಲೆ ಬರೆದ ಪ್ರೋಟೀನಿನ ಅಂಕಿಯನ್ನು ನಂಬಿ ಮೋಸಹೋಗಬೇಡಿ. ಕೋಳಿ ಪುಕ್ಕದಲ್ಲಿ ನೂರಕ್ಕೆ ಎಂಬತ್ತರಷ್ಟು ಪ್ರೋಟೀನು. ಆದರೆ ಒತ್ತಡದ ಹಬೆಯಲ್ಲಿ ಬೇಯಿಸದೆ ಹಾಕಿದರೆ ಮೀನಿಗೆ ದಕ್ಕುವುದು ತೀರಾ ಅಲ್ಪ. ತಟ್ಟೆಯಲ್ಲಿರುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂದು ನಮ್ಮ ಹಿರಿಯರು ಮಕ್ಕಳನ್ನು ನೋಡಿ ಹೇಳುತ್ತಿದ್ದರಲ್ಲ, ಅದೇ ಮಾತು.

ಮಂಗಳೂರಿನಲ್ಲಿ ರೇಷ್ಮೆಹುಳುವಿನ ಊಟ

1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಶುರುವಾಯಿತು. ಭಾರತದಲ್ಲಿ ಇಂಥ ಕಾಲೇಜು ಅದೇ ಮೊದಲು. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಎಚ್.ಪಿ.ಸಿ. ಶೆಟ್ಟಿ, ಟಿ.ಜೆ. ವರ್ಗೀಸ್, ಕೆ.ವಿ. ದೇವರಾಜ್, ಪಿ. ಕೇಶವನಾಥ್ ಮೊದಲಾದವರು ಅಲ್ಲಿ ಗೆಂಡೆ ಮೀನಿನ ಆಹಾರದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. 1970ರ ದಶಕದಲ್ಲೇ ಪ್ರೋಟೀನು ಹೆಚ್ಚಿರುವ ಗುಳಿಗೆ ರೂಪದ ಆಹಾರವನ್ನು ಸಾಮಾನ್ಯ ಗೆಂಡೆಗೆ ಕೊಟ್ಟು ನೋಡಿದ್ದರು. ಅವರ ನಂತರದ ಪೀಳಿಗೆಯಲ್ಲಿ ಎದ್ದು ಕಾಣುವ ಹೆಸರು ಎಂ.ಸಿ. ನಂದೀಶ.

ನಂದೀಶ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ಇದು. ಮೀನಿನ ಪುಡಿ ದುಬಾರಿ, ರೈತನ ಕೈಗೆ ಎಟುಕದು. ನಮ್ಮ ನಾಡಿನಲ್ಲೇ ಸಿಗುವ ಬೇರೆ ಪ್ರೋಟೀನು ಯಾವುದು? ಉತ್ತರ ರಾಮನಗರ, ಶಿಡ್ಲಘಟ್ಟಗಳ ರೀಲಿಂಗ್ ಮನೆಗಳಲ್ಲಿ ಕೊಳೆಯುತ್ತಿತ್ತು. ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳು, ಅಂದರೆ ಪ್ಯೂಪಾ. ಒಣಗಿಸಿದರೆ ಸುಮಾರು ಅರ್ಧದಷ್ಟು ಪ್ರೋಟೀನು, ಕಾಲು ಭಾಗದಷ್ಟು ಕೊಬ್ಬು. ಕರ್ನಾಟಕ ರೇಷ್ಮೆಯ ನಾಡು, ಹಾಗಾಗಿ ಹುಳುವಿಗೆ ಬರವಿಲ್ಲ.

ಇದು ಪೂರ್ತಿ ಹೊಸ ಯೋಚನೆಯೇನಲ್ಲ. ಜಪಾನಿನಲ್ಲಿ ಗೆಂಡೆಗೆ ಪ್ಯೂಪಾ ಹಾಕುವ ರೂಢಿ ಹಳೆಯದು. ಚೀನಾದ ಪರ್ಲ್ ನದಿಯ ಮುಖಜ ಭೂಮಿಯಲ್ಲಿ ದಡದ ಮೇಲೆ ಹಿಪ್ಪುನೇರಳೆ, ಪಕ್ಕದ ಕೊಳದಲ್ಲಿ ಮೀನು. ಹುಳುವಿನ ಹಿಕ್ಕೆ, ಪ್ಯೂಪಾ ಎರಡೂ ಮೀನಿಗೆ, ಕೊಳದ ಕೆಸರು ಗಿಡಕ್ಕೆ. ಆದರೆ ನಮ್ಮ ಮೀನಿಗೆ, ನಮ್ಮ ಹುಳು, ಎಷ್ಟು ಪ್ರಮಾಣದಲ್ಲಿ? ಅದನ್ನು ಇಲ್ಲೇ ಅಳೆದು ನೋಡಬೇಕಿತ್ತು. ಮಾರುವವರಿಗೆ ಇನ್ನೊಂದು ಭಯ, ಹುಳು ತಿಂದ ಮೀನು ನಾರಿದರೆ?

1990ರಲ್ಲಿ ಪ್ರಕಟವಾದ ಅವರ ಅಧ್ಯಯನ, ಎಣ್ಣೆ ತೆಗೆಯದ ಪ್ಯೂಪಾವನ್ನು ಮೀನಿನ ಪುಡಿಯ ಬದಲಿಗೆ ಸಾಮಾನ್ಯ ಗೆಂಡೆಗೆ ಕೊಟ್ಟು ನೋಡಿದ್ದು. ಮೀನು ಚೆನ್ನಾಗಿಯೇ ಬೆಳೆಯಿತು. 1991ರಲ್ಲಿ ಐದು ಬಗೆಯ ಕಚ್ಚಾವಸ್ತುಗಳನ್ನು ತೆಗೆದುಕೊಂಡು, ಅವುಗಳ ಪ್ರೋಟೀನು ಮತ್ತು ಕೊಬ್ಬು ಕಾಟ್ಲಾಕ್ಕೆ ಎಷ್ಟು ಜೀರ್ಣವಾಗುತ್ತದೆ ಎಂಬ ಲೆಕ್ಕ ಪ್ರಕಟಿಸಿದರು. 2000ದಲ್ಲಿ ಪ್ಯೂಪಾವನ್ನು ಇನ್ನೂ ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಬೆಳವಣಿಗೆಯ ಜೊತೆಗೆ ಮಾಂಸದ ಗುಣವನ್ನೂ ನೋಡಿದರು. ಮೀನು ಕೆಡಲಿಲ್ಲ. ಹಿತ್ತಲಲ್ಲಿ ಬಿದ್ದು ನಾರುತ್ತಿದ್ದ ವಸ್ತು ಊಟವಾಗಬಲ್ಲದು ಎಂದು ತೋರಿಸಿದ ಕೆಲಸ ಇದು.

ಒಂದು ದಿನ ಹಬ್ಬ, ಒಂದು ದಿನ ಗಂಜಿ

ನಂದೀಶರು ಕೈಗೆತ್ತಿಕೊಂಡ ಇನ್ನೊಂದು ಯೋಚನೆ ನನಗೆ ಬಹಳ ಇಷ್ಟವಾಯಿತು. ಶ್ರೀಲಂಕಾ ಮೂಲದ ವಿಜ್ಞಾನಿ ಸೇನಾ ಡಿ ಸಿಲ್ವಾ ಅವರು 1980ರ ದಶಕದಲ್ಲಿ ಒಂದು ವಿಷಯ ಗಮನಿಸಿದ್ದರು. ಒಂದೇ ಆಹಾರ ಕೊಟ್ಟರೂ ಮೀನು ಅದನ್ನು ಜೀರ್ಣಿಸಿಕೊಳ್ಳುವ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಹಾಗಿದ್ದ ಮೇಲೆ ದಿನಾಲೂ ದುಬಾರಿ ಊಟ ಏಕೆ? ಕೆಲವು ದಿನ ಪ್ರೋಟೀನು ಹೆಚ್ಚಿರುವ ಆಹಾರ, ಕೆಲವು ದಿನ ಕಡಿಮೆ ಇರುವುದು. ನಮ್ಮ ಮನೆಗಳಲ್ಲಿ ಭಾನುವಾರ ಮೀನು ಸಾರು, ಸೋಮವಾರ ಗಂಜಿ ಚಟ್ನಿ ಮಾಡುವ ಹಾಗೆ.

ನಂದೀಶ, ಡಿ ಸಿಲ್ವಾ ಮತ್ತು ಸಂಗಡಿಗರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಮೇಲೆ ಇದನ್ನು ಪ್ರಯೋಗಿಸಿ 1993ರಿಂದ 1995ರ ನಡುವೆ ಫಲಿತಾಂಶ ಪ್ರಕಟಿಸಿದರು. ಸರದಿಯ ಊಟದಲ್ಲೂ ಮೀನು ಹಿಂದೆ ಬೀಳದೆ ಬೆಳೆಯಬಲ್ಲದು, ಖರ್ಚು ಇಳಿಯುತ್ತದೆ. ಮೀನು ಸಾಕಣೆಯ ಖರ್ಚಿನಲ್ಲಿ ಆಹಾರದ್ದೇ ಅರ್ಧಕ್ಕಿಂತ ಹೆಚ್ಚು ಪಾಲು ಎಂಬುದು ನೆನಪಿರಲಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಔಷಧಿ ಬೇಡ. ಮೂಟೆ ಬಿಚ್ಚುವ ದಿನ ಬದಲಾಯಿಸಿದರೆ ಸಾಕು.

ನಂದೀಶರು ಪ್ರಯೋಗಾಲಯಕ್ಕೆ ಅಂಟಿಕೊಂಡವರಲ್ಲ. ಕಾಂಬೋಡಿಯಾ, ಬಾಂಗ್ಲಾದೇಶ, ತ್ರಿಪುರಾಗಳಲ್ಲಿ ಸಣ್ಣ ರೈತರ ನಡುವೆ ಕೆಲಸ ಮಾಡಿದರು. ಮೀನುಗಾರಿಕೆಯಲ್ಲಿ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ತರಬೇಕೆಂದು 1990ರಿಂದಲೇ ಸಭೆಗಳನ್ನು ಸಂಘಟಿಸಿದರು. ಕೊನೆಯ ವರ್ಷಗಳಲ್ಲಿ ಅವರು ದುಡಿದದ್ದು ನಮ್ಮ ತಮಿಳುನಾಡಿನಲ್ಲೇ. 2012ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೋಡಂಬಾಕ್ಕಂಗೆ ಬಂದ ಕನ್ನಡಿಗರೆಂದರೆ ನಮಗೆ ಸಿನಿಮಾದವರು ನೆನಪಾಗುತ್ತಾರೆ. ಅದು ಸರಿಯೇ. ಆ ನೆನಪಿನ ಸಾಲಿನಲ್ಲಿ ಈ ನಾಡಿಗೆ ಬಂದು ದುಡಿದ ಇಂಥವರಿಗೂ ಒಂದು ಜಾಗ ಇರಲಿ.

ಸೇತುವೆ ಆಚೆಯ ಬೀದಿ

ಕೋಡಂಬಾಕ್ಕಂ ಸೇತುವೆ ದಾಟಿ ನುಂಗಂಬಾಕ್ಕಂ ಕಡೆ ಹೋದರೆ ಸಿಗುವ ಮಹಾಲಿಂಗಪುರಂ ನಿಮಗೆಲ್ಲ ಗೊತ್ತು, ಅಯ್ಯಪ್ಪನ ದೇವಸ್ಥಾನಕ್ಕೆ ಹೋದವರು ಬಹಳ ಜನ. 1987ರಲ್ಲಿ ಹುಟ್ಟಿದ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆಯ ಕಚೇರಿ ಹಿಂದೆ ಇದೇ ಮಹಾಲಿಂಗಪುರಂ ಮುಖ್ಯರಸ್ತೆಯಲ್ಲಿತ್ತು. 'ಸಿಬಾ' ಎಂಬುದು ಅದರ ಚಿಕ್ಕ ಹೆಸರು. ಈಗ ಅದು ಸಾಂತೋಮ್ ಹೈರೋಡಿನಲ್ಲಿದೆ. ಪ್ರಯೋಗದ ಕೊಳಗಳು ಈಸ್ಟ್ ಕೋಸ್ಟ್ ರೋಡಿನ ಮುಟ್ಟುಕಾಡಿನಲ್ಲಿವೆ. 1997ರಲ್ಲಿ ಈ ಸಂಸ್ಥೆಯವರು ಕೊಡುವಾ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದರು.

ಕೊಡುವಾ ಬೇಟೆಗಾರ ಮೀನು. ಅದಕ್ಕೆ ಜಠರವಿದೆ, ಆಮ್ಲವಿದೆ, ಆದರೆ ಗಂಜಿ ಪಿಷ್ಟ ಅಷ್ಟಾಗಿ ದಕ್ಕುವುದಿಲ್ಲ. ರೋಹುಗೆ ಹಾಕುವ ತೌಡನ್ನು ಇದಕ್ಕೆ ಹಾಕಿದರೆ ಮೂಟೆಯೂ ಹೋಯಿತು, ಮೀನೂ ಹೋಯಿತು. ಆದ್ದರಿಂದ ಒಂದೊಂದು ಜಾತಿಗೂ ಅಳತೆ ಬೇರೆ. ಸೀಗಡಿಯದು ಮತ್ತೂ ಬೇರೆ. 2009ರಲ್ಲಿ ವನ್ನಾಮಿ ಸೀಗಡಿಯ ಸಾಕಣೆಗೆ ದೇಶದಲ್ಲಿ ಅನುಮತಿ ಸಿಕ್ಕ ಮೇಲೆ ಆಹಾರಕ್ಕೆ ದೊಡ್ಡ ಕಂಪನಿಗಳನ್ನೇ ನಂಬಬೇಕಾಗಿ ಬಂತು. ಆಗ ಸಿಬಾದವರು ಇಲ್ಲಿಯ ಕಚ್ಚಾವಸ್ತುಗಳನ್ನು ಬಳಸಿ 'ವನ್ನಾಮಿ ಪ್ಲಸ್' ಎಂಬ ಆಹಾರ ರೂಪಿಸಿದರು. ನಾವು ಬಸ್ಸಿನಲ್ಲಿ ಹಾದುಹೋಗುತ್ತಿದ್ದ ಬೀದಿಯ ಒಂದು ಕಟ್ಟಡದವರು, ಯಾವ ಪ್ರಾಣಿಗೆ ಯಾವ ಹಿಂಡಿ ಎಷ್ಟು ಕರಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು ಎಂಬುದು ನನಗಂತೂ ಹೊಸ ವಿಷಯ.

ಅಂದ ಹಾಗೆ ಈ ಪ್ರದೇಶವೇ ಒಂದು ಕಾಲದ ನೀರಿನ ನೆಲ. ನಮ್ಮ ನೆರೆಯ ಟಿ.ನಗರ 1920ರ ದಶಕದಲ್ಲಿ ಎದ್ದದ್ದು 'ಲಾಂಗ್ ಟ್ಯಾಂಕ್' ಎಂಬ ದೊಡ್ಡ ಏರಿಯನ್ನು ಬತ್ತಿಸಿದ ಜಾಗದಲ್ಲಿ. ನುಂಗಂಬಾಕ್ಕಂ ಕೆರೆಯ ಅಂಗಳದಲ್ಲಿ 1976ರಲ್ಲಿ ವಳ್ಳುವರ್ ಕೋಟ್ಟಂ ಬಂತು. ಊ‌ರಿನ ಕೆರೆಗಳು ಹೋದವು, ಕೆರೆ ಮೀನು ಆಂಧ್ರದ ಲಾರಿಯಲ್ಲಿ ಬರತೊಡಗಿತು.

ಅಮ್ಮನ ಪ್ರಶ್ನೆಗೆ ಉತ್ತರ

ಆ ಲಾರಿ ಹೊರಡುವುದು ಕೊಲ್ಲೇರು ಸರೋವರದ ಸುತ್ತಮುತ್ತಲ ಕೃಷ್ಣಾ, ಗೋದಾವರಿ ಜಿಲ್ಲೆಗಳ ಕೊಳಗಳಿಂದ. ಅಲ್ಲಿ ರೈತರು ತೂತು ಮಾಡಿದ ಚೀಲಕ್ಕೆ ಎಣ್ಣೆ ತೆಗೆದ ತೌಡು, ಹಿಂಡಿ ತುಂಬಿ ನೀರಿನಲ್ಲಿ ನೆಟ್ಟ ಕಂಬಕ್ಕೆ ಕಟ್ಟುತ್ತಾರೆ. ಮೀನು ಬಂದು ತೂತಿಗೆ ಬಾಯಿಟ್ಟು ತಿನ್ನುತ್ತದೆ. ಚೆಲ್ಲಿ ಹಾಳಾಗುವುದು ಕಡಿಮೆಯಾಗುತ್ತದೆ, ಜಾಣ ಉಪಾಯ. ಆದರೆ ಚೆಲ್ಲದ ತೌಡೂ ಪೂರ್ತಿ ಜೀರ್ಣವಾಗುವುದಿಲ್ಲವಲ್ಲ. ನಾರು ಕೆಳಗಿಳಿದು ಕೆಸರಾಗುತ್ತದೆ. ರಂಜಕ, ಸಾರಜನಕ ನೀರಿಗೆ ಸೇರುತ್ತವೆ. ಅದನ್ನು ತಿಂದು ಪಾಚಿ ಕೊಬ್ಬುತ್ತದೆ. ಪಾಚಿಯಲ್ಲೊಂದು ಬಗೆ ನೀಲಿಹಸಿರು ಪಾಚಿ. ಅವುಗಳಲ್ಲಿ ಕೆಲವು 'ಜಿಯೋಸ್ಮಿನ್' ಎಂಬ ವಸ್ತು ಬಿಡುತ್ತವೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುತ್ತದಲ್ಲ, ಆ ವಾಸನೆಯ ಮೂಲದಲ್ಲೂ ಇದೇ ಇದೆ. ಅದು ಮೀನಿನ ಮಾಂಸಕ್ಕೆ ಇಳಿಯುತ್ತದೆ.

ಹಾಗಾಗಿ ಅಮ್ಮಾ, ನಿಮ್ಮ ಸಾರಿನ ಮಣ್ಣಿನ ವಾಸನೆ ಬಹುಪಾಲು ಮಣ್ಣಿನದಲ್ಲ. ಮೀನಿಗೆ ದಕ್ಕದೆ ಹೋದ ಊಟ ಪಾಚಿಯ ದಾರಿ ಹಿಡಿದು ನಿಮ್ಮ ಮನೆಗೆ ಬಂದದ್ದು. ಮೀನನ್ನು ಮಾರುವ ಮೊದಲು ಕೆಲವು ದಿನ ಶುದ್ಧ ನೀರಿನಲ್ಲಿ ಬಿಟ್ಟರೆ ಅದು ಇಳಿಯುತ್ತದೆ. ನಿಮ್ಮ ಕಡೆಯ ಹುಳಿ ಜಾಸ್ತಿ ಹಾಕುವ ಪದ್ಧತಿಯೂ ಸ್ವಲ್ಪ ಸಹಾಯ ಮಾಡುತ್ತದೆ, ಜಿಯೋಸ್ಮಿನ್‌ಗೆ ಹುಳಿಯ ಮುಂದೆ ಬಲ ಕಡಿಮೆ.

ತೌಡು ಬೇಡ, ಮೀನಿನ ಪುಡಿ ಹಾಕಲಿ ಅನ್ನುತ್ತೀರಾ? ಹಾಗೆನ್ನುವ ಮೊದಲು ನಿಮ್ಮ ಬೂತಾಯಿಯನ್ನು ನೆನೆಯಿರಿ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಉಳ್ಳಾಲ, ಮುಕ್ಕ, ಮಲ್ಪೆ ಕಡೆಯ ಕಾರ್ಖಾನೆಗಳಿಗೆ ಹೋಗುವ ರಾಶಿಯಲ್ಲಿ ಬಡವರ ಮನೆಯ ಒಲೆಗೆ ಬರಬಹುದಾಗಿದ್ದ ಬೂತಾಯಿಯೂ ಸೇರಿರುತ್ತದೆ. 2012ರ ನಂತರ ಕೇರಳದ ಕರಾವಳಿಯಲ್ಲಿ ಆ ಮೀನು ಹೇಗೆ ಕುಸಿಯಿತು ಎಂಬುದನ್ನು ಎಲ್ಲರೂ ನೋಡಿದ್ದಾರೆ. ಕಡಲಿನ ಸ್ಥಿತಿ, ಹವೆ, ಅತಿಯಾದ ಹಿಡಿತ ಎಲ್ಲವೂ ಕಾರಣ. ಒಂದು ಮೀನನ್ನು ಪುಡಿ ಮಾಡಿ ಇನ್ನೊಂದು ಮೀನು ಬೆಳೆಸುವ ಲೆಕ್ಕ ಬಹಳ ದಿನ ನಡೆಯುವುದಿಲ್ಲ.

ಆದ್ದರಿಂದಲೇ ಮಂಗಳೂರಿನ ಆ ಹಸಿರು ಪುಡಿಯ ಲೆಕ್ಕ ದೊಡ್ಡದು. ಊರಲ್ಲಿ ಸಿಗುವ ತೌಡು, ಹಿಂಡಿ, ಹುಳುಗಳನ್ನು ಬೇಯಿಸಿ, ಹುದುಗಿಸಿ, ಕಿಣ್ವ ಸೇರಿಸಿ, ಸರದಿ ಹಾಕಿ ಮೀನಿಗೆ ಹೆಚ್ಚು ದಕ್ಕುವಂತೆ ಮಾಡಿದರೆ ರೈತನ ಹಣ ಉಳಿಯುತ್ತದೆ, ಕೊಳದ ನೀರು ಉಳಿಯುತ್ತದೆ, ಕಡಲಿನ ಬೂತಾಯಿಯೂ ಉಳಿಯುತ್ತದೆ. ಎಷ್ಟು ಹಾಕಿದೆವು ಎಂಬುದು ಅರಸನ ಪ್ರಶ್ನೆಯಾಗಿತ್ತು. ಎಷ್ಟು ಮೈಗೆ ಹತ್ತಿತು ಎಂಬುದು ನಮ್ಮ ಕಾಲದ ಪ್ರಶ್ನೆ.

ಕೊನೆಗೊಂದು ಮಾತು. ಮಂಗಳೂರಿನ ಆ ಕಾಲೇಜು ಈಗ ಸೇರಿರುವುದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಸೋಮೇಶ್ವರನ ಕಲ್ಯಾಣ ಇರುವುದೂ ಅದೇ ಬೀದರ್ ಜಿಲ್ಲೆಯಲ್ಲಿ. ಕಡಲೆ ಹಿಟ್ಟಿನ ಉಂಡೆ ಹಾಕಿದ ಅರಸನ ಊರಿಗೇ, ಆ ಉಂಡೆ ಎಷ್ಟು ಜೀರ್ಣವಾಗುತ್ತದೆ ಎಂದು ಅಳೆದವರ ಕಡತಗಳೂ ಹೋಗಿ ಸೇರಿದ ಹಾಗಾಯಿತು.

ಮುಂದಿನ ಸಲ ಮಾರ್ಕೆಟ್ಟಿನಲ್ಲಿ ಕಾಟ್ಲಾ ಕೊಳ್ಳುವಾಗ ಅಕ್ಕನನ್ನು ನೀವೂ ಒಂದು ಮಾತು ಕೇಳಿ, ಇದು ಎಲ್ಲಿಯ ಮೀನು, ಏನು ತಿಂದು ಬೆಳೆದದ್ದು? ಉತ್ತರ ಸಿಕ್ಕರೆ ನಮಗೂ ಬರೆಯಿರಿ. ಉಡುಪಿಯ ಅಮ್ಮ, ನೀವು ಮತ್ತೆ ಕರೆ ಮಾಡಿ. ಈ ಸಲ ಮೊದಲು ಉತ್ತರ, ಆಮೇಲೆ ಹಾಡು.